ಟ್ರ್ಯಾಕ್ಟರಿನ ಮೈ ತೊಳೆಯುವುದೇಕೆ? ಬಣ್ಣ ಕಾಯುವುದು ಹೇಗೆ?

ಕಾರಹುಣ್ಣಿಮೆ ಬಂತೆಂದರೆ ನಮ್ಮ ಒಕ್ಕಲುಮಗ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಾನೆ. ಎತ್ತಿನ ಹೆಗಲ ಮೇಲಿನ ಸಣ್ಣ ಗಾಯವೂ ಆತನ ಕಣ್ಣಿಗೆ ಬೀಳುತ್ತದೆ. ನೊಣ ಕೂಡುವ ಮೊದಲೇ ಮದ್ದು ಹಚ್ಚುತ್ತಾನೆ. ಆದರೆ ಅದೇ ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಕೆಳಗೆ ಹೋದ ವರ್ಷದ ಎರೆ ಮಣ್ಣು ಇನ್ನೂ ಮೆತ್ತಿಕೊಂಡಿರುವುದನ್ನು ಅನೇಕ ಕಡೆ ಕಾಣಬಹುದು. ಸಾಲ ಮಾಡಿ ತಂದ ಯಂತ್ರದ ಮೈಮೇಲಿನ ಗಾಯಕ್ಕೂ ಮದ್ದು ಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಶಿಗ್ಗಾಂವಿ ತಾಲೂಕಿನ ದುಂಡಸಿಯ ಸುತ್ತಮುತ್ತಲಿನ ಪ್ರದೇಶವು ಮಲೆನಾಡಿನ ಸೆರಗು ಹಾಗೂ ಬಯಲುಸೀಮೆ ಒಂದಕ್ಕೊಂದು ತಾಗುವ ಭಾಗವಾಗಿದೆ. ಹಾನಗಲ್ಲಿನ ಕಡೆ ಮಳೆ ಹೆಚ್ಚು, ಭತ್ತದ ಗದ್ದೆಗಳಿವೆ. ಸವಣೂರಿನ ಕಡೆ ಎರೆ ಹೊಲಗಳಿವೆ. ಹಿರೇಕೆರೂರಿನ ಕಡೆ ಗೋವಿನಜೋಳ ಮತ್ತು ಹತ್ತಿ ಹೆಚ್ಚು. ಬಾಡಿಗೆಗೆ ಹೋಗುವ ಟ್ರ್ಯಾಕ್ಟರು ಒಂದೇ ಹಂಗಾಮಿನಲ್ಲಿ ಕೆಸರು, ಎರೆ, ಮಸಾರಿ ಎಲ್ಲವನ್ನೂ ತುಳಿದು ಬರುತ್ತದೆ. ಮುಂಗಾರಿನ ನಾಲ್ಕು ತಿಂಗಳು ಗಾಳಿಯಲ್ಲಿ ತೇವ, ಆಮೇಲೆ ಸುಡುಬಿಸಿಲು. ಇವೆರಡೂ ಬಣ್ಣಕ್ಕೆ ಶತ್ರುಗಳೇ.

ತುಕ್ಕು ಹಿಡಿಯುವ ಬಗೆ

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿಯ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಬಣ್ಣದ ಪದರು ಈ ಕೂಟವನ್ನು ತಡೆಯುವ ಬೇಲಿಯಿದ್ದಂತೆ. ಬೇಲಿಯಲ್ಲಿ ಒಂದು ಕಂಡಿ ಬಿದ್ದರೆ ದನ ನುಗ್ಗುವಂತೆ, ಕಲ್ಲು ಬಡಿದು ಬಣ್ಣ ಹಾರಿದ ಕಾಳಿನಷ್ಟು ಜಾಗದಲ್ಲಿ ತೇವ ನುಗ್ಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಎತ್ತಿ ಬಿಡಿಸುತ್ತದೆ. ಮೇಲೆ ನೋಡಿದರೆ ಬಣ್ಣ ಉಬ್ಬಿದಂತೆ ಮಾತ್ರ ಕಾಣುತ್ತದೆ. ಒಳಗೆ ತಗಡು ಸವೆಯುತ್ತಿರುತ್ತದೆ.

ದೆಹಲಿಯ ಮೆಹರೌಲಿಯಲ್ಲಿರುವ ಕಬ್ಬಿಣದ ಸ್ತಂಭವು ಸುಮಾರು 1600 ವರ್ಷಗಳಿಂದ ಮಳೆ ಬಿಸಿಲಿನಲ್ಲಿ ಉಳಿದು ಬಂದಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೇಲೆ ತಾನಾಗಿಯೇ ಒಂದು ರಕ್ಷಣಾ ಪದರು ಕಟ್ಟಿಕೊಂಡಿದೆ. ಟ್ರ್ಯಾಕ್ಟರಿನ ತಗಡಿಗೆ ಅಂಥ ಗುಣವಿಲ್ಲ. ಅದರ ರಕ್ಷಣೆಯೆಲ್ಲ ನಾವು ಕಾಯುವ ಬಣ್ಣದ ಮೇಲೆಯೇ ನಿಂತಿದೆ.

ಹೊಲದಿಂದ ಬರುವ ಶತ್ರುಗಳು

ಮಣ್ಣು: ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬೆಳೆಗೆ ಇದು ವರ, ತಗಡಿಗೆ ಶಾಪ. ಮೇಲೆ ಒಣಗಿದಂತೆ ಕಂಡರೂ ತಗಡಿಗೆ ತಾಗಿದ ಪದರು ಹಸಿಯಾಗಿಯೇ ಇರುತ್ತದೆ.

ರಸಗೊಬ್ಬರ: ಗಾಳಿಯ ತೇವಾಂಶ ನೂರಕ್ಕೆ ಸುಮಾರು 75ನ್ನು ದಾಟಿದಾಗ ಯೂರಿಯಾ ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಮುಂಗಾರಿನ ರಾತ್ರಿಗಳಲ್ಲಿ ತೇವಾಂಶ ಇದಕ್ಕಿಂತ ಹೆಚ್ಚೇ ಇರುತ್ತದೆ. ಮ್ಯುರೇಟ್ ಆಫ್ ಪೊಟ್ಯಾಷಿನ ತೂಕದಲ್ಲಿ ನೂರಕ್ಕೆ ಸುಮಾರು 45 ಭಾಗ ಕ್ಲೋರೈಡ್ ಇದ್ದು, ಇದು ತುಕ್ಕಿನ ವೇಗವನ್ನು ಬಹಳ ಹೆಚ್ಚಿಸುತ್ತದೆ. ಬಿತ್ತನೆ ಮುಗಿಸಿ, ಬೀಜ-ಗೊಬ್ಬರ ಕೂರಿಗೆಯ ಪೆಟ್ಟಿಗೆಯಲ್ಲಿ ಉಳಿದ ಗೊಬ್ಬರವನ್ನು ಹಾಗೆಯೇ ಬಿಟ್ಟರೆ ಪೆಟ್ಟಿಗೆಯ ತಳ ತೂತಾಗುವುದಷ್ಟೇ ಅಲ್ಲ, ಗೊಬ್ಬರ ಇಳಿಸುವ ಗಾಲಿಗಳು ತುಕ್ಕಿನಿಂದ ಬಿಗಿದುಕೊಳ್ಳುತ್ತವೆ. ಮುಂದಿನ ವರ್ಷ ಒಳ್ಳೆಯ ಹದದಲ್ಲಿ ಬಿತ್ತುವಾಗ ಒಂದು ಕೊಳವೆಯಲ್ಲಿ ಗೊಬ್ಬರ ಬೀಳದೇ ಹೋಗಬಹುದು. ಬೆಳೆ ಮೇಲೆದ್ದ ನಂತರ ಸಾಲು ಬಿಟ್ಟು ಸಾಲು ಬಿಳಿಚಿಕೊಂಡಾಗಲೇ ಅದು ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಹದ ಕಳೆದಿರುತ್ತದೆ.

ತಿಪ್ಪೆಗೊಬ್ಬರ: ಹಸಿ ಗೊಬ್ಬರದಲ್ಲಿ ತೇವವೂ ಇದೆ, ಅಮೋನಿಯವೂ ಇದೆ, ಲವಣಗಳೂ ಇವೆ. ಗೊಬ್ಬರ ಹೊತ್ತ ಟ್ರೇಲರನ್ನು ಅಂದೇ ತೊಳೆಯಬೇಕು. ತಗಡು ಮತ್ತು ಪಟ್ಟಿ ಕೂಡುವ ಸಂದುಗಳಲ್ಲಿ ಗೊಬ್ಬರ ನಿಲ್ಲದಂತೆ ಕಡ್ಡಿಯಿಂದ ಕೆದರಿ ತೆಗೆಯಬೇಕು.

ಮೈಲುತುತ್ತ: ಅಡಿಕೆ ಅಥವಾ ವೀಳ್ಯದೆಲೆ ತೋಟಕ್ಕೆ ಬೋರ್ಡೋ ದ್ರಾವಣ ಒಯ್ಯುವವರು ಎಚ್ಚರಿಕೆಯಿಂದಿರಬೇಕು. ಮೈಲುತುತ್ತದ ನೀರು ಬರಿಯ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂಡುತ್ತದೆ, ಕಬ್ಬಿಣ ಕರಗುತ್ತದೆ. ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿಯೇ ಕರಗಿಸಬೇಕು; ಚೆಲ್ಲಿದ ಕೂಡಲೇ ತೊಳೆಯಬೇಕು.

ಬಿಸಿಲು ಮತ್ತು ಹಕ್ಕಿಯ ಹಿಕ್ಕೆ: ಬಿಸಿಲಿನಲ್ಲಿಯ ಅತಿನೇರಳೆ ಕಿರಣಗಳು ಬಣ್ಣದ ಬಂಧವನ್ನು ಸಡಿಲಿಸುತ್ತವೆ. ಬಾನೆಟ್ಟಿನ ಮೇಲೆ ಕೈಯಾಡಿಸಿದಾಗ ಸುಣ್ಣದಂಥ ಪುಡಿ ಹತ್ತಿದರೆ ಬಣ್ಣದ ಆಯುಷ್ಯ ಮುಗಿಯುತ್ತಿದೆ ಎಂದು ತಿಳಿಯಬೇಕು. ನೆರಳಿಗೆಂದು ಮರದ ಕೆಳಗೆ ನಿಲ್ಲಿಸಿದರೆ ಹಿಕ್ಕೆ ಮತ್ತು ಮರದ ಅಂಟು ಬಣ್ಣದ ಮೇಲೆ ಕಲೆ ಮಾಡುತ್ತವೆ. ತಗಡಿನ ಚಪ್ಪರವೇ ಉತ್ತಮ.

ತೊಳೆಯುವ ಕ್ರಮ

1. ಎಂಜಿನ್ ಪೂರ್ತಿ ಆರಿದ ನಂತರವೇ ತೊಳೆಯಬೇಕು. ಕಾದ ಎರಕದ ಭಾಗಕ್ಕೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು.

2. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಏರ್ ಕ್ಲೀನರಿನ ಬಾಯಿ, ಸೈಲೆನ್ಸರ್ ಕೊಳವೆ ಮತ್ತು ಡೈನಮೋಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು.

3. ಒಣ ಧೂಳನ್ನು ಬಟ್ಟೆಯಿಂದ ಒರೆಸಬಾರದು. ಮಣ್ಣಿನಲ್ಲಿಯ ಮರಳಿನ ಕಣಗಳು ಬಣ್ಣಕ್ಕಿಂತ ಬಹಳ ಗಟ್ಟಿಯಾಗಿದ್ದು ಗೀರು ಹಾಕುತ್ತವೆ. ಮೊದಲು ನೀರು ಬಿಟ್ಟು ಮಣ್ಣನ್ನು ನೆನೆಸಿ, ಮೇಲಿನಿಂದ ಕೆಳಕ್ಕೆ ಇಳಿಸಬೇಕು.

4. ವಾಹನ ತೊಳೆಯುವ ಶಾಂಪೂ ಅಥವಾ ಸೌಮ್ಯ ಸಾಬೂನಿನ ನೀರಿನಿಂದ ಮೆತ್ತನೆಯ ಬಟ್ಟೆಯಲ್ಲಿ ತೊಳೆಯಬೇಕು. ಬಟ್ಟೆ ತೊಳೆಯುವ ಸೋಡಾ ಬಣ್ಣದ ಹೊಳಪನ್ನು ಕೆಡಿಸುತ್ತದೆ.

5. ಪಂಪಿನ ಜೋರು ನೀರನ್ನು ರೇಡಿಯೇಟರಿನ ತೆಳು ರೆಕ್ಕೆಗಳಿಗೆ, ಬೇರಿಂಗಿನ ಸೀಲುಗಳಿಗೆ ಮತ್ತು ಬಣ್ಣ ಎದ್ದ ಅಂಚಿಗೆ ನೇರವಾಗಿ ಹಿಡಿಯಬಾರದು.

6. ಬೋರ್‌ವೆಲ್ಲಿನ ಗಡಸು ನೀರು ಮೈಮೇಲೆಯೇ ಆರಿದರೆ ಬಿಳಿ ಕಲೆ ಉಳಿಯುತ್ತದೆ. ನೆರಳಿನಲ್ಲಿ ತೊಳೆದು ಕೂಡಲೇ ಒರೆಸಬೇಕು.

7. ಕೊನೆಗೆ ಎಲ್ಲ ಗ್ರೀಸ್ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ತುಂಬಿ ಒಳಹೊಕ್ಕ ನೀರನ್ನು ಹೊರಗೆ ತಳ್ಳಬೇಕು.

ಕೆರೆಯಲ್ಲಿ ಇಳಿಸಿ ತೊಳೆಯುವ ರೂಢಿಯನ್ನು ಬಿಡಬೇಕು. ಡೀಸೆಲ್ಲು, ಎಣ್ಣೆ ಮತ್ತು ಔಷಧಿಯ ಅಂಶ ಕೂಡಿದ ಅದೇ ನೀರನ್ನು ನಮ್ಮ ದನಗಳು ಕುಡಿಯುತ್ತವೆ.

ಬಿಡಬೇಕಾದ ಎರಡು ರೂಢಿಗಳು

ಹೊಳಪು ಬರಲೆಂದು ಟ್ರ್ಯಾಕ್ಟರನ್ನು ಡೀಸೆಲ್ಲಿನಿಂದ ಒರೆಸುವ ರೂಢಿ ಅನೇಕರಲ್ಲಿದೆ. ಆ ಹೊಳಪು ಒಂದೆರಡು ದಿನದ್ದು. ಜಿಡ್ಡಿಗೆ ಧೂಳು ಹತ್ತಿ ತೇವ ಹಿಡಿಯುತ್ತದೆ. ಟೈರು ಮತ್ತು ರಬ್ಬರಿನ ಕೊಳವೆಗಳು ಹಾಳಾಗುತ್ತವೆ. ಎರಡನೆಯದು, ನೇಗಿಲಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವುದು. ಅದರಲ್ಲಿ ಆಮ್ಲಗಳು ಸೇರಿರುತ್ತವೆ. ಕೈಯ ಚರ್ಮಕ್ಕೂ ಕೇಡು. ಮಣ್ಣು ಸೀಳುವ ಭಾಗಗಳಿಗೆ ಬಣ್ಣ ನಿಲ್ಲುವುದಿಲ್ಲವಾದ್ದರಿಂದ, ಹಂಗಾಮು ಮುಗಿದ ಮೇಲೆ ತೊಳೆದು ಒಣಗಿಸಿ ಹೊಸ ಗ್ರೀಸ್ ಸವರಿ ಇಡಬೇಕು.

ಬಣ್ಣ ಸರಿಪಡಿಸುವ ವಿಧಾನ

ಬಣ್ಣ ಎದ್ದ ಜಾಗವನ್ನು ತಂತಿ ಬ್ರಷ್ಷಿನಿಂದ, ನಂತರ ಪಾಲಿಶ್ ಕಾಗದದಿಂದ, ಬಿಳಿ ಲೋಹ ಕಾಣುವವರೆಗೆ ಉಜ್ಜಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಗಾಯದ ಕೀವು ತೆಗೆಯದೆ ಪಟ್ಟಿ ಕಟ್ಟಿದಂತೆ. ಒಳಗೆ ಹುಣ್ಣು ಬೆಳೆಯುತ್ತಲೇ ಇರುತ್ತದೆ. ಉಜ್ಜಿದ ಜಾಗವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಅದು ಪೂರ್ತಿ ಒಣಗಿದ ನಂತರ ಎನಾಮೆಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ಒಂದೇ ದಪ್ಪ ಲೇಪನಕ್ಕಿಂತ ಎರಡು ತೆಳು ಲೇಪನಗಳು ಬಾಳುತ್ತವೆ. ಮಳೆಯ ಮೋಡ ಅಥವಾ ಇಬ್ಬನಿ ಇದ್ದಾಗ ಈ ಕೆಲಸ ಬೇಡ. ಬಾನೆಟ್ ಮತ್ತು ಮಡ್‌ಗಾರ್ಡುಗಳಿಗೆ ವರ್ಷದಲ್ಲಿ ಎರಡು ಸಲ ಮೇಣದ ಪಾಲಿಶ್ ತಿಕ್ಕಿದರೆ ನೀರು ನಿಲ್ಲದೆ ಜಾರುತ್ತದೆ.

ಬ್ಯಾಟರಿಯ ತಟ್ಟೆಯನ್ನು ಮರೆಯಬಾರದು. ಆಮ್ಲದ ಹಬೆ ಅಲ್ಲಿಯ ಬಣ್ಣವನ್ನು ತಿನ್ನುತ್ತದೆ. ಅಡುಗೆ ಸೋಡಾ ಕರಗಿಸಿದ ನೀರು ಬ್ಯಾಟರಿಯ ಒಳಗೆ ಬೀಳದಂತೆ ನೋಡಿಕೊಂಡು ತಟ್ಟೆಯನ್ನು ತೊಳೆದು, ಒಣಗಿಸಿ, ಬಣ್ಣ ಹಚ್ಚಬೇಕು.

ಹೊಲದ ಆರೋಗ್ಯಕ್ಕೂ ಲಾಭ

ಬೇಸಾಯ ಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ಮಾತು ಮುಖ್ಯ. ಗಾಲಿ ಮತ್ತು ಕುಂಟೆಗೆ ಮೆತ್ತಿದ ಮಣ್ಣಿನೊಂದಿಗೆ ಜೇಕಿನ ಗಡ್ಡೆ, ಕರಿಕೆಯ ತುಂಡು, ಕಾಂಗ್ರೆಸ್ ಕಸದ ಬೀಜ ಒಂದು ಹೊಲದಿಂದ ಇನ್ನೊಂದಕ್ಕೆ ಸಾಗುತ್ತವೆ. ಶುಂಠಿಯ ಗಡ್ಡೆ ಕೊಳೆ ರೋಗ, ತೊಗರಿ ಮತ್ತು ಕಡಲೆಯ ಸೊರಗು ರೋಗಗಳ ಸೂಕ್ಷ್ಮಜೀವಿಗಳೂ ಮಣ್ಣಿನಲ್ಲಿಯೇ ಬದುಕುತ್ತವೆ. ಆದ್ದರಿಂದ ಬಾಡಿಗೆ ಟ್ರ್ಯಾಕ್ಟರು ನಮ್ಮ ಬದುವಿಗೆ ಬರುವ ಮೊದಲೇ ಗಾಲಿ ಮತ್ತು ಸಲಕರಣೆಗಳ ಮಣ್ಣು ತೆಗೆಸಿರಿ. ರೋಗವಿದ್ದ ಹೊಲದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿರಿ.

ಮನೆಯ ಕಾರು, ಮೋಟರ್ ಸೈಕಲ್ಲು

ಈಗ ಹಳ್ಳಿಗಳಲ್ಲಿಯೂ ಕಾರುಗಳು ಬಂದಿವೆ. ಅವುಗಳ ತಗಡು ಟ್ರ್ಯಾಕ್ಟರಿನದಕ್ಕಿಂತ ತೆಳು. ಕೊಟ್ಟಿಗೆಯ ಪಕ್ಕ ಅಥವಾ ಗೊಬ್ಬರದ ಚೀಲಗಳ ಬಳಿ ನಿಲ್ಲಿಸಬಾರದು. ಗಾಲಿಯ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು ಮತ್ತು ತಳಭಾಗದ ಕೆಸರನ್ನು ತೊಳೆಯಬೇಕು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಬಿಟ್ಟ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚದಂತೆ ನೋಡಿಕೊಳ್ಳಬೇಕು. ಹಸಿ ಮೈಮೇಲೆ ತಾಡಪತ್ರಿ ಬಿಗಿದು ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ.

ವರ್ಷದ ಕೆಲಸ

ಮೇ: ತೊಳೆದು, ಬಣ್ಣ ಸರಿಪಡಿಸಿ, ಮೇಣ ತಿಕ್ಕುವುದು.

ಜೂನ್-ಜುಲೈ: ಬಿತ್ತನೆಯ ಪ್ರತಿ ಸಂಜೆ ಗೊಬ್ಬರದ ಪೆಟ್ಟಿಗೆ ಬರಿದು ಮಾಡುವುದು, ಬಿತ್ತನೆ ಮುಗಿದ ದಿನ ಕೂರಿಗೆ ತೊಳೆದು ಒಣಗಿಸಿ ಎಣ್ಣೆ ಹಾಕುವುದು.

ಆಗಸ್ಟ್-ಸೆಪ್ಟೆಂಬರ್: ಗದ್ದೆಯಿಂದ ಬಂದ ದಿನವೇ ಕೆಸರು ತೊಳೆಯುವುದು.

ಅಕ್ಟೋಬರ್: ಮಹಾನವಮಿಗೆ ಸಲಕರಣೆಗಳನ್ನು ಹೇಗೂ ತೊಳೆಯುತ್ತೇವೆ, ಆಗಲೇ ಬಣ್ಣದ ಗಾಯಗಳನ್ನು ಪರೀಕ್ಷಿಸಿ ಎರಡನೆಯ ಸಲ ಮೇಣ ತಿಕ್ಕುವುದು.

ಫೆಬ್ರುವರಿ: ಹಿಂಗಾರಿ ಮುಗಿದ ಮೇಲೆ ಸಲಕರಣೆಗಳಿಗೆ ಗ್ರೀಸ್ ಸವರಿ, ನೆಲಕ್ಕೆ ತಾಗದಂತೆ ಕಟ್ಟಿಗೆಯ ಮೇಲೆ ಇಡುವುದು.

ಖಂಡೇ ಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚುವುದು ನಮ್ಮ ಹಿರಿಯರಿಂದ ಬಂದ ಕೃತಜ್ಞತೆ. ಉಳಿದ ದಿನಗಳಲ್ಲಿ ಒಂದು ಬಕೀಟು ನೀರು, ಒಂದು ಬಟ್ಟೆ ಮತ್ತು ಸ್ವಲ್ಪ ಹೊತ್ತನ್ನು ಅದಕ್ಕೆ ಮೀಸಲಿಟ್ಟಲ್ಲಿ ತಗಡು ಉಳಿಯುತ್ತದೆ, ಮಾರುವಾಗ ಬೆಲೆ ಉಳಿಯುತ್ತದೆ, ಬಿತ್ತುವ ಹದದಲ್ಲಿ ಕೂರಿಗೆ ಕೈಕೊಡುವುದಿಲ್ಲ. ರೈತ ಬಾಂಧವರು ಈ ಕ್ರಮವನ್ನು ಬರುವ ಹಂಗಾಮಿನಿಂದಲೇ ರೂಢಿಗೆ ತರಬೇಕು.