ಬ್ಯಾಗಿನ ಮೂಲೆಯಲ್ಲಿ ಒಂದು ಕಾಡತೂಸು

ರಂಜಾನ್ ಮುಗಿದ ಮೇಲೆ ನಮ್ಮ ಭಾಯಿಜಾನ್‌ಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಗೋದಾಮಿನಲ್ಲಿ ಸ್ಟಾಕ್ ಬರೆಯುವ ಕೆಲಸ. ಮನೆಯಲ್ಲಿ ದೊಡ್ಡ ಬ್ಯಾಗ್ ಇರಲಿಲ್ಲ. ಹೊಸದಕ್ಕೆ ಯಾಕೆ ದುಡ್ಡು ಎಂದು ಖಾಲು, ಅಂದರೆ ಅಮ್ಮಿಯ ತಂಗಿಯ ಗಂಡ, ತಮ್ಮ ಕಪ್ಪು ಬ್ಯಾಗನ್ನು ತಂದುಕೊಟ್ಟರು. ಖಾಲು ಬ್ಯಾಂಕುಗಳಿಗೆ ಹಣ ಸಾಗಿಸುವ ವ್ಯಾನಿನಲ್ಲಿ ಗನ್‌ಮ್ಯಾನ್. ಅವರ ಬಂದೂಕಿಗೆ ಲೈಸೆನ್ಸ್ ಇದೆ.

ಅಮ್ಮಿ ಬ್ಯಾಗನ್ನು ತಾರಸಿಗೆ ಒಯ್ದು ತಲೆಕೆಳಗು ಮಾಡಿ ಕೊಡವಿದರು. ಒಳಗಿನ ಬಟ್ಟೆ ಹರಿದ ಜಾಗದಿಂದ ಏನೋ ಟಣ್ ಎಂದು ಬಿತ್ತು. ಕೆಂಪು ಬಣ್ಣ, ಹಿತ್ತಾಳೆಯ ತಳ, ಹೆಬ್ಬೆರಳಿನಷ್ಟು ದಪ್ಪ. ತಮ್ಮ ಅದನ್ನು ಲಿಪ್‌ಸ್ಟಿಕ್ ಅಂದುಕೊಂಡ. ಅಬ್ಬಾ ನೋಡಿ "ಇದು ಕಾರ್ತೂಸ್" ಎಂದರು. ಕನ್ನಡದಲ್ಲಿ ಕಾಡತೂಸು, ತೋಟಾ ಎಂದೂ ಹೇಳುತ್ತಾರೆ. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಖಾಲು ಬೈಕಿನಲ್ಲಿ ಬಂದರು. ಅವರ ಮುಖ ಬಿಳುಚಿಕೊಂಡಿತ್ತು. ಅದನ್ನು ತೆಗೆದುಕೊಂಡು ಚಹಾ ಕೂಡ ಕುಡಿಯದೆ ಹೋದರು.

ಭಾಯಿಜಾನ್ ಹೊರಡಲು ಆರು ದಿನ ಉಳಿದಿತ್ತು.

ಆ ರಾತ್ರಿ ಅಬ್ಬಾ ಕೇಳಿದರು: "ಒಂದೇ ಒಂದು ತಾನೆ. ಬಂದೂಕೇ ಇಲ್ಲದೆ ಅದರಿಂದ ಏನು ಮಾಡಲಾಗುತ್ತದೆ? ಗೊತ್ತಿರಲಿಲ್ಲ ಅಂತ ಹೇಳಿದರೆ ಬಿಡುತ್ತಿರಲಿಲ್ಲವೇ?" ನನಗೆ ಉತ್ತರ ಗೊತ್ತಿರಲಿಲ್ಲ. ವ್ಯವಹಾರ ಅಧ್ಯಯನದ ಮೇಡಂ ಅವರನ್ನು ಕೇಳಿದೆ. "ನೀನೇ ಓದು, ಓದಿದ್ದನ್ನು ಬರೆ" ಎಂದರು. ಹಾಗಾಗಿ ಈ ಲೇಖನ.

ಮೊದಲು ನಮ್ಮ ದೇಶದ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಬಂದೂಕಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಲೈಸೆನ್ಸ್ ಬೇಕು ಎನ್ನುತ್ತದೆ. ಬಂದೂಕಿಲ್ಲದ ಗುಂಡು ಲೆಕ್ಕಕ್ಕಿಲ್ಲ ಎಂಬ ಅಬ್ಬಾರ ಮಾತು ಇಲ್ಲೇ ಬಿದ್ದುಹೋಯಿತು. 10ನೇ ಕಲಂ ಪ್ರಕಾರ ಅವುಗಳನ್ನು ದೇಶದೊಳಗೆ ತರುವುದಕ್ಕೂ ಹೊರಗೆ ಒಯ್ಯುವುದಕ್ಕೂ ಸಾಮಾನ್ಯವಾಗಿ ಬೇರೆ ಲೈಸೆನ್ಸ್ ಬೇಕು.

"ಗೊತ್ತಿರಲಿಲ್ಲ" ಎನ್ನುವ ಮಾತಿಗೆ ಮಾತ್ರ ನಮ್ಮ ನ್ಯಾಯಾಲಯಗಳಲ್ಲಿ ಬೆಲೆ ಇದೆ. 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ವಸ್ತು ಕೈಯಲ್ಲಿದ್ದರೆ ಸಾಲದು, ಅದು ತನ್ನ ಬಳಿ ಇದೆ ಎಂಬ ಅರಿವೂ ಇರಬೇಕು. ಇದೇ ತತ್ವದ ಮೇಲೆ, ಬ್ಯಾಗಿನಲ್ಲಿ ಮರೆತುಹೋದ ಒಂದೆರಡು ಗುಂಡು ಸಿಕ್ಕಿದ ವಿಮಾನ ಪ್ರಯಾಣಿಕರ ಮೇಲಿನ ಎಫ್‌ಐಆರ್‌ಗಳನ್ನು ದೆಹಲಿ ಹೈಕೋರ್ಟ್ ಹಲವು ಸಲ ರದ್ದು ಮಾಡಿದೆ. ಓದಿ ಸಮಾಧಾನವಾಯಿತು. ಆದರೆ ಇನ್ನೊಮ್ಮೆ ಯೋಚಿಸಿದೆ. ರದ್ದಾಗಬೇಕಾದರೆ ಮೊದಲು ಎಫ್‌ಐಆರ್ ಆಗಿರಬೇಕು. ವಿಮಾನ ತಪ್ಪುತ್ತದೆ, ವಕೀಲರಿಗೆ ಫೀಸು ಕಟ್ಟಬೇಕು, ಹೈಕೋರ್ಟಿನ ತಾರೀಖಿಗೆ ಕಾಯಬೇಕು. ಅಷ್ಟರಲ್ಲಿ ಗೋದಾಮಿನವರು ಬೇರೆಯವರನ್ನು ಇಟ್ಟುಕೊಂಡಿರುತ್ತಾರೆ.

ಗಡಿ ದಾಟಿದ ಮೇಲೆ ಈ ಅರಿವಿನ ಮಾತು ಎಷ್ಟು ನಡೆಯುತ್ತದೆ? ಇದಕ್ಕೆ ನನಗೆ ಸಿಕ್ಕ ಸ್ಪಷ್ಟ ಉದಾಹರಣೆ ಟರ್ಕ್ಸ್ ಮತ್ತು ಕೈಕೋಸ್. ಕೆರಿಬಿಯನ್ ಸಮುದ್ರದ ಕಡೆಯ ಸಣ್ಣ ದ್ವೀಪಗಳು, ಬ್ರಿಟನ್ನಿನ ಅಧೀನದಲ್ಲಿವೆ, ಪ್ರವಾಸಿಗರೇ ಅಲ್ಲಿನ ಆದಾಯ. ಹೊರಗಿನಿಂದ ಬರುವ ಬಂದೂಕುಗಳಿಂದ ಬೇಸತ್ತು ಅಲ್ಲಿ ಕಠಿಣ ಕಾನೂನು ಮಾಡಿದ್ದರು: ಅನುಮತಿಯಿಲ್ಲದೆ ಬಂದೂಕು ಅಥವಾ ಗುಂಡು ಇದ್ದರೆ ಕನಿಷ್ಠ 12 ವರ್ಷ ಜೈಲು. 2024ರ ಮೇ ಹೊತ್ತಿಗೆ ಕೆಲವೇ ತಿಂಗಳುಗಳಲ್ಲಿ ಐವರು ಅಮೆರಿಕನ್ ಪ್ರವಾಸಿಗರು ಇದರಲ್ಲಿ ಸಿಕ್ಕಿಬಿದ್ದಿದ್ದರು. ಒಬ್ಬರು ಬೇಟೆಗೆ ಒಯ್ಯುತ್ತಿದ್ದ ಬ್ಯಾಗನ್ನೇ ರಜೆಗೂ ತಂದಿದ್ದರು. ಅದರಲ್ಲಿ ನಾಲ್ಕು ಗುಂಡು ಉಳಿದಿತ್ತು. ಬರುವಾಗ ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಕಾಣಲೇ ಇಲ್ಲ, ತಮ್ಮಿಂದ ತಪ್ಪಾಗಿದೆ ಎಂದು ಆ ಇಲಾಖೆ ಆಮೇಲೆ ಒಪ್ಪಿಕೊಂಡಿತು. ವಾಪಸ್ ಹೊರಡುವಾಗ ದ್ವೀಪದವರ ಕಣ್ಣಿಗೆ ಬಿತ್ತು. "ನಿಮ್ಮವರೇ ಬಿಟ್ಟರಲ್ಲ" ಎನ್ನುವುದು ಅಲ್ಲಿ ಸಮರ್ಥನೆ ಆಗಲಿಲ್ಲ.

ಕೊನೆಗೆ ಅವರಾರೂ 12 ವರ್ಷ ಜೈಲಿನಲ್ಲಿ ಕೂರಲಿಲ್ಲ. ವಿಶೇಷ ಸಂದರ್ಭ ಎಂದು ನ್ಯಾಯಾಧೀಶರಿಗೆ ಅನಿಸಿದರೆ ಶಿಕ್ಷೆ ಇಳಿಸಲು ಕಾನೂನಿನಲ್ಲೇ ಅವಕಾಶವಿತ್ತು. 20 ಗುಂಡು ಸಿಕ್ಕಿದ್ದ ಒಬ್ಬರಿಗೆ ಮೇ 24ರಂದು 52 ವಾರಗಳ ಅಮಾನತು ಶಿಕ್ಷೆ, 6,700 ಡಾಲರ್ ದಂಡ. ಆದರೆ ಅವರು ಸಿಕ್ಕಿಬಿದ್ದದ್ದು ಫೆಬ್ರವರಿಯಲ್ಲಿ. ಮೂರು ತಿಂಗಳು ಹೆಂಡತಿ ಮಕ್ಕಳನ್ನು ಬಿಟ್ಟು ಅಲ್ಲೇ ಉಳಿಯಬೇಕಾಯಿತು. ಮುಂದಿನ ತಿಂಗಳು ದ್ವೀಪದ ಶಾಸನಸಭೆ ನ್ಯಾಯಾಧೀಶರಿಗೆ ಇನ್ನೂ ಹೆಚ್ಚು ವಿವೇಚನೆ ಕೊಟ್ಟು ಕಾನೂನನ್ನೇ ತಿದ್ದಿತು. ನನಗೊಂದು ಅನುಮಾನ: ಅಮೆರಿಕದ ಸಂಸದರು ಹೋಗಿ ಮಾತಾಡಿದ್ದರಿಂದ ಇಷ್ಟು ಬೇಗ ಆಯಿತೇ? ನಮ್ಮ ಭಾಯಿಜಾನ್‌ಗಾಗಿ ಯಾವ ಸಂಸದರು ವಿಮಾನ ಹತ್ತುತ್ತಾರೆ?

ಅಬ್ಬಾಗೆ ಈ ಕಥೆ ಹಿಡಿಸಲಿಲ್ಲ, ಅದು ಶ್ರೀಮಂತರ ಪ್ರವಾಸ ಎಂದರು. ಅಬ್ಬಾ ನ್ಯಾಷನಲ್ ಪರ್ಮಿಟ್ ಲಾರಿ ಓಡಿಸುತ್ತಾರೆ. ಹಾಗಾಗಿ ಅವರಿಗೆ ಲಾರಿ ಚಾಲಕನ ಕಥೆ ಹೇಳಿದೆ. 2012ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಯುವಕನೊಬ್ಬ 2,68,000 ಗುಂಡುಗಳ ಲೋಡ್ ತೆಗೆದುಕೊಂಡು ಹೊರಟಿದ್ದ. ಅಮೆರಿಕದೊಳಗೆ ಅದು ಕಾನೂನುಬದ್ಧ ಸರಕು. ಎಲ್ ಪಾಸೋ ಊರಿನಲ್ಲಿ ದಾರಿ ತಪ್ಪಿ, ತಿರುಗಿಸಲು ಜಾಗವಿಲ್ಲದೆ ಸೇತುವೆ ದಾಟಿಬಿಟ್ಟೆ ಎಂದು ಆತ ಹೇಳಿದ. ಸೇತುವೆಯ ಆಚೆಗೆ ಮೆಕ್ಸಿಕೋ. ಅಲ್ಲಿ ಕೆಲವು ಬಗೆಯ ಗುಂಡುಗಳು ಸೇನೆಗೆ ಮಾತ್ರ ಮೀಸಲು. ಕಳ್ಳಸಾಗಣೆಯ ಆರೋಪ ಕೊನೆಗೆ ನಿಲ್ಲಲಿಲ್ಲ, ಆದರೆ ಅಂಥ ಗುಂಡು ಹೊಂದಿದ್ದ ಆರೋಪ ನಿಂತಿತು. ಏಳು ತಿಂಗಳ ನಂತರ ನವೆಂಬರ್‌ನಲ್ಲಿ ಬಿಡುಗಡೆ.

ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಲಾರಿ ಮಾಲೀಕ ಏನು ಮಾಡಿದ?"

ಕಾಮರ್ಸ್ ಓದುವ ನಮಗೆ ಇದರಲ್ಲಿ ಒಂದು ಪಾಠ ಇದೆ. ಇನ್‌ವಾಯ್ಸ್, ಲಾರಿ ರಸೀದಿ, ಪರ್ಮಿಟ್ ಎಲ್ಲ ಸರಿ ಇದ್ದರೂ ಅವು ಒಂದು ದೇಶದ ಕಾಗದಗಳು. ವಿಮಾನ ಕಂಪನಿಯ ಅನುಮತಿಯೂ ಹಾಗೆಯೇ. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಂತೆ, ಕಂಪನಿ ಒಪ್ಪಿದರೆ, ಪ್ರಯಾಣಿಕರೊಬ್ಬರು ಸ್ವಂತ ಬಳಕೆಯ 5 ಕೆಜಿ ವರೆಗಿನ ಸಣ್ಣ ಬಂದೂಕಿನ ಗುಂಡುಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಸರಿಯಾಗಿ ಪ್ಯಾಕ್ ಮಾಡಿ ಒಯ್ಯಬಹುದು. ಆ ನಿಯಮ ವಿಮಾನದ ಸುರಕ್ಷತೆಗೆ ಸಂಬಂಧಿಸಿದ್ದು. ಇಳಿಯುವ ದೇಶ ಒಪ್ಪುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ನಮ್ಮ ರಾಜ್ಯದಲ್ಲೇ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ನಮ್ಮ ತರಗತಿಯ ಮಡಿಕೇರಿಯ ಗೆಳತಿ ಇದನ್ನು ಹೆಮ್ಮೆಯಿಂದ ಹೇಳುತ್ತಾಳೆ. ಅವಳ ಅಜ್ಜನಿಗೂ ವಿದೇಶಿ ವಿಮಾನ ನಿಲ್ದಾಣದಲ್ಲಿ ಆ ವಿನಾಯಿತಿ ಕೆಲಸಕ್ಕೆ ಬಾರದು.

ದುಬೈ ಇರುವ ಯುಎಇಯಲ್ಲಿ ಶಸ್ತ್ರಾಸ್ತ್ರ ಮತ್ತು ಮದ್ದುಗುಂಡಿಗೆ 2019ರ 17ನೇ ಸಂಖ್ಯೆಯ ಫೆಡರಲ್ ಕಾನೂನು ಇದೆ. ಅಲ್ಲಿ ಇಳಿಯುವವರು ಮಾತ್ರವಲ್ಲ, ವಿಮಾನ ಬದಲಾಯಿಸುವವರು ಕೂಡ, ಪ್ರಮಾಣ ಎಷ್ಟೇ ಸಣ್ಣದಾಗಿರಲಿ, ಮೊದಲೇ ಅನುಮತಿ ಪಡೆಯಬೇಕು ಎಂದು ಬ್ರಿಟನ್ ಸರ್ಕಾರ ತನ್ನ ಜನರಿಗೆ ಎಚ್ಚರಿಕೆ ಕೊಡುತ್ತದೆ. ಹಾರಿಸಿದ ಗುಂಡಿನ ಖಾಲಿ ಕೊಳವೆಯನ್ನು ಕೀಚೈನ್ ಮಾಡಿಕೊಂಡವರು ಇದನ್ನು ಗಮನಿಸಬೇಕು.

ಒಂದು ವೇಳೆ ಸಿಕ್ಕಿಬಿದ್ದರೆ? 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ತನ್ನ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು ಬಂಧಿತನಿಗೆ ಇದೆ. ದೂತಾವಾಸದವರು ಬಂದು ನೋಡಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಬಿಡಿಸಿಕೊಂಡು ಬರುವ ಅಧಿಕಾರ ಅವರಿಗಿಲ್ಲ. ಭಾಷೆ ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕುವ ಮೊದಲು ಇದನ್ನು ಕೇಳಬೇಕು ಎಂದು ಭಾಯಿಜಾನ್‌ಗೆ ಡೈರಿಯಲ್ಲಿ ಬರೆದುಕೊಟ್ಟೆ.

ಹೊರಡುವ ದಿನ ಪಕ್ಕದ ಮನೆಯ ಖಾಲಾ ಅಲ್ಲಿರುವ ಮಗನಿಗೆಂದು ಟೇಪ್ ಸುತ್ತಿದ ಡಬ್ಬ ತಂದರು. ಭಾಯಿಜಾನ್ ಸ್ವಲ್ಪ ಸಂಕೋಚಪಟ್ಟು, "ಖಾಲಾ, ಬೇಜಾರು ಮಾಡಿಕೊಳ್ಳಬೇಡಿ, ತೆರೆದು ನೋಡಲೇ?" ಎಂದು ಕೇಳಿದರು. ಖಾಲಾ ಮುಖ ಸಣ್ಣದು ಮಾಡಿಕೊಂಡರು. ಒಳಗೆ ಚಕ್ಕುಲಿ, ಒಣ ಮೀನು, ಎರಡು ಪಟ್ಟಿ ಮಾತ್ರೆ. ಮಾತ್ರೆಯ ಹೆಸರು ಬರೆದುಕೊಂಡು, ವೈದ್ಯರ ಚೀಟಿ ಇದೆಯೇ ಎಂದು ನಾನು ಕೇಳಿದೆ. ಚೀಟಿ ಇರಲಿಲ್ಲ. ಮಾತ್ರೆ ಇಲ್ಲೇ ಉಳಿಯಿತು, ಚಕ್ಕುಲಿ ಹೋಯಿತು.