ತಲಕಾಡಿನ ಮರಳಲ್ಲಿ ನಿಂತು ಮರುಭೂಮಿ ಪಾಠ

ಮರುಭೂಮಿ ಅಂದರೇನು ಎಂದು ಮಕ್ಕಳನ್ನು ಕೇಳಿ ನೋಡಿ. ಬಿಸಿಲು, ಮರಳು, ಒಂಟೆ ಎನ್ನುತ್ತಾರೆ. ಹಾಗಾದರೆ ಹಿಮ ಬೀಳುವ ಲಡಾಖ್ ಮರುಭೂಮಿ ಹೇಗಾಯಿತು? ಈ ಗಂಟು ಬಿಡಿಸಲು ತಾಂಡವಪುರದ ಸುತ್ತಲಿನ ಪೋಷಕರು, ಶಿಕ್ಷಕರು ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು. ನಂಜನಗೂಡು, ತಿ. ನರಸೀಪುರದ ಮೇಲೆ ತಲಕಾಡಿಗೆ ಹೋಗಿ ಬನ್ನಿ.

ಹೊರಡುವ ಮುನ್ನ ಮನೆಯಲ್ಲೊಂದು ಕೆಲಸ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ಒಂದಡಿ ಎತ್ತರದ ಡಬ್ಬಿ ಹುಡುಕಿ. ಬುಡದಿಂದ ಅಳೆದು 25 ಸೆಂ.ಮೀ.ಗೆ ಒಂದು ಗೆರೆ, 10 ಸೆಂ.ಮೀ.ಗೆ ಇನ್ನೊಂದು ಗೆರೆ ಎಳೆಸಿ. ವರ್ಷಕ್ಕೆ ಮೇಲಿನ ಗೆರೆಯಷ್ಟೂ ಮಳೆ-ಹಿಮ ಬೀಳದ ನೆಲವೇ ಸಾಮಾನ್ಯವಾಗಿ ಮರುಭೂಮಿ. ಕೆಳಗಿನ ಗೆರೆ ಲಡಾಖ್‌ನ ಲೇಹ್‌ನದು, ಇಡೀ ವರ್ಷಕ್ಕೆ ಅಲ್ಲಿ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಮೈಸೂರಿನ ಮಳೆ ಹಿಡಿಯಲು ಇಂಥ ಮೂರು ಡಬ್ಬಿ ಒಂದರ ಮೇಲೊಂದು ಇಡಬೇಕು. ಬಿಸಿಲಲ್ಲ, ನೀರೇ ಅಳತೆಗೋಲು ಎಂಬುದು ಇಲ್ಲೇ ಮಕ್ಕಳ ಮನಸ್ಸಿಗೆ ಬರಲಿ.

ಕೋಣೆಯ ಉಷ್ಣತೆ ನೋಡುವ ಥರ್ಮಾಮೀಟರ್ ಜೊತೆಗಿರಲಿ. ಜ್ವರದ್ದು ಬೇಡ.

ತಲಕಾಡು ಮರುಭೂಮಿಯಲ್ಲ ಎಂದು ಮೊದಲೇ ಹೇಳಿಬಿಡಿ. ಇದು ಕಾವೇರಿಯ ಮರಳು, ಗಾಳಿ ಶತಮಾನಗಳಿಂದ ತಂದು ಸುರಿದದ್ದು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯೂ ಇದರಲ್ಲಿ ಹೂತಿತ್ತು. ಅಲಮೇಲಮ್ಮನ ಶಾಪದ ಕಥೆಯನ್ನು ಖಂಡಿತ ಹೇಳಿ, ಅದಿಲ್ಲದೆ ಮಕ್ಕಳು ಬಿಡುವುದೂ ಇಲ್ಲ.

ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ ಮರಳಿನ ಮೇಲ್ಮೈ ಉಷ್ಣತೆ ಬರೆದುಕೊಳ್ಳಿ. ಆಮೇಲೆ ಮೊಣಕೈ ಆಳ ತೋಡಿ ಅಲ್ಲೂ ನೋಡಿ. ಮೇಲೆ ಅಂಗಾಲು ಸುಡುವ ಮರಳು, ಕೆಳಗೆ ಕೈಗೆ ತಣ್ಣಗೆ ಹತ್ತುತ್ತದೆ. ಒಣ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಥಾರ್‌ನಲ್ಲೂ ಹೀಗೆಯೇ. 2016ರ ಮೇ 19ರಂದು 51 ಡಿಗ್ರಿ ಕಂಡ ಫಲೋಡಿ ಆ ಸೀಮೆಯ ಊರು. ಅಲ್ಲಿ ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ, ಹಗಲಿನ ಕಾವು ರಾತ್ರಿ ತಡೆಯಿಲ್ಲದೆ ಹಾರಿಹೋಗುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಜನವರಿಯ ರಾತ್ರಿಗಳು ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿಳಿಯುತ್ತವೆ. ಅಲ್ಲಿನ ಬೇಸಾಯ ನಡೆಯುವುದು ಮಳೆಯಿಂದಲ್ಲ, ಕರಗಿದ ಹಿಮದ ನೀರಿನಿಂದ.

ಊಟಕ್ಕೆ ಕೂತಾಗ ಇಂಥ ಕಡೆ ಮಳೆ ಕಡಿಮೆಯಾಗಲು ಕಾರಣ ವಿವರಿಸಿ. ಮಡಿಕೇರಿಯಲ್ಲಿ 300 ಸೆಂ.ಮೀ. ಆಸುಪಾಸು ಮಳೆ, ಮೈಸೂರಿನಲ್ಲಿ 80. ಮೋಡಗಳು ಘಟ್ಟದಲ್ಲೇ ಬರಿದಾಗಿ ನಮಗೆ ಉಳಿಕೆ ಬರುತ್ತದೆ. ಘಟ್ಟದ ಜಾಗದಲ್ಲಿ ಹಿಮಾಲಯವನ್ನು ಇಟ್ಟುಕೊಂಡರೆ ಲಡಾಖ್ ಅರ್ಥವಾಗುತ್ತದೆ. ಸಹಾರಾದ ಕಥೆ ಬೇರೆ. ಸಮಭಾಜಕದ ಬಳಿ ಮೇಲೇರಿ ಮಳೆ ಸುರಿಸಿದ ಗಾಳಿ ಅಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ, ಮೋಡ ಕಟ್ಟುವುದಿಲ್ಲ.

ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿಸಿ. ಥಾರ್ ಕಡೆ ಒಂದು ಡುಬ್ಬದ ಒಂಟೆ ಮತ್ತು ಬನ್ನಿಮರ (ಅಲ್ಲಿನವರ ಖೇಜ್ರಿ). ಲಡಾಖ್ ಕಡೆ ನುಬ್ರಾದ ಎರಡು ಡುಬ್ಬದ ಒಂಟೆ, ಯಾಕ್. ಅಂಟಾರ್ಕ್ಟಿಕಾ ಯಾವ ಕಾಲಂಗೆ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ.

ಒಂದು ಮಾತು ಮಾತ್ರ ಮರೆಯಬೇಡಿ. ಮರಳಿನ ಅಂಚಿಗೇ ಹೊಳೆ ಇದೆ, ಸೆಳೆತ ಮೇಲೆ ಕಾಣುವುದಿಲ್ಲ. ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ.

ಮನೆಗೆ ಬಂದ ಮೇಲೆ ಡಬ್ಬಿಯನ್ನು ಅಂಗಳದ ಬಯಲಲ್ಲಿಡಿ. ಪ್ರತಿ ಮಳೆ ನಿಂತ ಕೂಡಲೇ ಅಳೆದು, ಬರೆದು, ಚೆಲ್ಲಿ. ಜನವರಿಯಿಂದ ಕೂಡುತ್ತಾ ಹೋದರೆ ಸಾಮಾನ್ಯವಾಗಿ ಮೇ ತಿಂಗಳಲ್ಲೇ ಲೇಹ್‌ನ ಗೆರೆ ದಾಟಿರುತ್ತೀರಿ.