ಕದ್ದು ನೋಡುವ ಮ್ಯಾಚ್

ಪ್ರಶ್ನೆ: ನನಗೆ 61 ವರ್ಷ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು ಎಂಟು ತಿಂಗಳಾಯಿತು. ಆರ್‌ಸಿಬಿ ಮ್ಯಾಚ್ ಬಂದರೆ ಮನೆಯವರು ಟಿವಿ ಆರಿಸಿಬಿಡುತ್ತಾರೆ. ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ನೋಡುತ್ತೇನೆ. ಎದೆ ಡವಡವ ಎನ್ನುತ್ತದೆ. ಹೇಳಿದರೆ ಫೋನೂ ಹೋಗುತ್ತದೆಂದು ಸುಮ್ಮನಿದ್ದೇನೆ. ಏನು ಮಾಡಲಿ?

ಉತ್ತರ: ಇಷ್ಟು ವರ್ಷ ಮನೆ ನಡೆಸಿದವರ ಕೈಯಿಂದ ರಿಮೋಟ್ ಕಿತ್ತುಕೊಂಡರೆ ಬೇಸರವಾಗದೆ ಇರುತ್ತದೆಯೇ? ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕಳೆದ ಆ ರಾತ್ರಿ ನಿಮ್ಮ ಮನೆಯವರ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿರಬೇಕು.

ಅವರ ಭಯಕ್ಕೆ ಕಾರಣವೂ ಇದೆ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲ ವೈದ್ಯರು ಲೆಕ್ಕ ಹಾಕಿದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಮೊದಲೇ ಹೃದ್ರೋಗವಿದ್ದವರಲ್ಲಿ ಸುಮಾರು 4 ಪಟ್ಟು. ಉದ್ವೇಗದಲ್ಲಿ ನಾಡಿ, ಬಿಪಿ ಎರಡೂ ಏರಿ, ಹೃದಯಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಕಿರಿದಾದ ರಕ್ತನಾಳ ಅಷ್ಟನ್ನು ಒದಗಿಸಲಾರದು. ಹಾಗೆಂದು ಆಟ ನೋಡಿದವರಿಗೆಲ್ಲ ತೊಂದರೆಯಾಗಲಿಲ್ಲ. ಬಹುಪಾಲು ಜನ ಕ್ಷೇಮವಾಗಿಯೇ ಇದ್ದರು.

ನನಗೆ ನಿಜವಾಗಿ ಆತಂಕ ತಂದದ್ದು ಆ ಮುಚ್ಚಿದ ಬಾಗಿಲು. ಒಳಗೆ ಎದೆನೋವು ಬಂದರೆ ಯಾರಿಗೆ ಗೊತ್ತಾಗಬೇಕು?

ಮೊದಲು ಎದೆ ಡವಡವ ಎನ್ನುವುದನ್ನು ನಿಮ್ಮ ಹೃದ್ರೋಗ ತಜ್ಞರಿಗೆ ಈ ವಾರವೇ ಹೇಳಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಮ್ಯಾಚ್ ನೋಡಬಹುದೇ ಎಂದು ಅವರ ಎದುರೇ ಕೇಳಿ. ಅಲ್ಲಿಯವರೆಗೆ ಮರುದಿನದ ಹೈಲೈಟ್ಸ್ ಸಾಕು. ಫಲಿತಾಂಶ ಗೊತ್ತಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಡಾಕ್ಟರು ಒಪ್ಪಿದರೆ ಹಾಲ್‌ನಲ್ಲಿ ಎಲ್ಲರ ಜೊತೆ ಕೂತು ನೋಡಿ. ಏಳೂವರೆಯ ಮ್ಯಾಚ್ ಮುಗಿಯುವಾಗ ಹನ್ನೊಂದು ದಾಟುತ್ತದೆ. ರಾತ್ರಿಯ ಮಾತ್ರೆ ಮರೆಯಬೇಡಿ. ಸಿಗರೇಟು, ಕುಡಿತ ಬೇಡವೇ ಬೇಡ. ಆಟ ಬಿಗಿಯಾದಾಗ ಎದ್ದು ಹೊರಗೆ ಬನ್ನಿ.

ಎದೆ ಹಿಂಡಿದಂತಾದರೆ, ತೋಳು ಅಥವಾ ದವಡೆಗೆ ನೋವು ಹರಿದರೆ, ತಣ್ಣಗೆ ಬೆವರಿದರೆ, ಉಸಿರು ಕಟ್ಟಿದರೆ ಗ್ಯಾಸ್ಟ್ರಿಕ್ ಎಂದುಕೊಂಡು ಕೂರಬೇಡಿ. ಒಂದೇ ಬಾಲ್ ಬಾಕಿಯಿದ್ದರೂ ಸರಿ, 108ಕ್ಕೆ ಕರೆ ಮಾಡಿಸಿ.

ಹೃದಯಾಘಾತದ ನಂತರ ಭಯ, ಸಿಡುಕು ಹಲವರನ್ನು ತಿಂಗಳುಗಟ್ಟಲೆ ಕಾಡುತ್ತವೆ, ಮನೆಯವರನ್ನೂ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಇವತ್ತು ಸಂಜೆ ಈ ಪುಟವನ್ನು ನಿಮ್ಮ ಮನೆಯವರ ಕೈಗೆ ಕೊಡಿ. ಕದ್ದು ನೋಡಿದ್ದನ್ನು ನೀವೇ ಹೇಳಿಬಿಡಿ.